ಅವ್ವನ ಹಚ್ಚೆ, ಕುಸತ್ಸುವಿನ ಬಿಸಿನೀರು

(ಈ ವಾರದ ಪಾಡ್‌ಕಾಸ್ಟ್ ಮಾತಿನ ಪಠ್ಯರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಬಸ್ಸಲ್ಲೋ ಮೆಟ್ರೋದಲ್ಲೋ ನಿಂತ್ಕೊಂಡು ಕೇಳ್ತಿದ್ರೆ ಒಂದು ಕೈಲಿ ಕಂಬಿ ಗಟ್ಟಿಯಾಗಿ ಹಿಡ್ಕೊಳ್ಳಿ. ಇವತ್ತು ಹೇಳೋದು ಸ್ನಾನದ ಕಥೆ. ಅದೂ ನಮ್ಮವ್ವ ಜಪಾನಿನಲ್ಲಿ ಮಾಡಿದ ಸ್ನಾನದ ಕಥೆ.

ನಾನು ಟೋಕಿಯೋದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದೀನಿ, ನಾಲ್ಕು ವರ್ಷ ಆಯ್ತು. ಊರು ಮಂಡ್ಯದ ಹತ್ತಿರ ಒಂದು ಹಳ್ಳಿ. ಹೋದ ನವೆಂಬರಿನಲ್ಲಿ ಅವ್ವ ಮೊದಲ ಸಲ ಬಂದ್ಲು. ಅಪ್ಪನಿಗೆ ಹಸು ಬಿಟ್ಟು ಬರಕ್ಕಾಗಲ್ಲ, ಅವರು ಬರಲಿಲ್ಲ. ಅವ್ವನಿಗೆ ಐವತ್ತೆಂಟು. ಮಂಡಿ ನೋವು. ಟೋಕಿಯೋದ ಸ್ಟೇಷನ್ ಮೆಟ್ಟಿಲು ಹತ್ತಿ ಇಳಿದು ನೋವು ಇನ್ನೂ ಜಾಸ್ತಿ ಆಯ್ತು. ಆಗ ಆಫೀಸಿನ ಜಪಾನಿ ಗೆಳತಿ ಹೇಳಿದ್ಲು, "ಅಮ್ಮನ್ನ ಕುಸತ್ಸುಗೆ ಕರ್ಕೊಂಡು ಹೋಗು, ಒಂದು ರಾತ್ರಿ ರ್ಯೋಕಾನ್‌ನಲ್ಲಿ ಇರಿ."

ರ್ಯೋಕಾನ್ ಅಂದ್ರೆ ಜಪಾನಿನ ಹಳೇ ಪದ್ಧತಿಯ ವಸತಿಗೃಹ. ಎಷ್ಟು ಹಳೇದು ಅಂದ್ರೆ, ಯಾಮನಾಶಿ ಪ್ರಾಂತ್ಯದಲ್ಲಿ ಕೇಉನ್‌ಕಾನ್ ಅಂತ ಒಂದಿದೆ, ಅದು ಶುರುವಾಗಿದ್ದು ಕ್ರಿ.ಶ. 705ರಲ್ಲಿ. ಪ್ರಪಂಚದ ಅತಿ ಹಳೆಯ ಹೋಟೆಲ್ ಅಂತ ಗಿನ್ನೆಸ್ ದಾಖಲೆ ಇರೋದು ಅದಕ್ಕೆ. ನಮ್ಮ ಬಾದಾಮಿ ಚಾಲುಕ್ಯರ ಕಾಲ ಅದು. ಬಹಳಷ್ಟು ರ್ಯೋಕಾನ್‌ಗಳು ಇರೋದು ಓನ್ಸೆನ್ ಅಂದ್ರೆ ಬಿಸಿನೀರಿನ ಬುಗ್ಗೆಗಳ ಊರಲ್ಲಿ. ಈ ಓನ್ಸೆನ್‌ಗೆ ಜಪಾನಿನಲ್ಲಿ ಒಂದು ಕಾನೂನೇ ಇದೆ, 1948ರದ್ದು. ನೆಲದಿಂದ ಬರೋ ನೀರು 25 ಡಿಗ್ರಿ ಇರಬೇಕು, ಇಲ್ಲಾಂದ್ರೆ ಪಟ್ಟಿಯಲ್ಲಿರೋ 19 ಪದಾರ್ಥಗಳಲ್ಲಿ ಯಾವುದಾದ್ರೂ ಒಂದು ನಿಗದಿಯಷ್ಟು ಇರಬೇಕು. 25 ಡಿಗ್ರಿ! ಆ ಲೆಕ್ಕದಲ್ಲಿ ಬೇಸಿಗೇಲಿ ನಮ್ಮೂರಿನ ಬೋರ್‌ವೆಲ್ ನೀರಿಗೂ ಬೋರ್ಡ್ ಹಾಕಬಹುದೇನೋ.

ಕುಸತ್ಸುದ ನೀರು ಮಾತ್ರ ಆ ಥರದ್ದಲ್ಲ. ಗುನ್ಮಾ ಪ್ರಾಂತ್ಯದ ಬೆಟ್ಟದ ಮೇಲೆ, ಸುಮಾರು 1,200 ಮೀಟರ್ ಎತ್ತರದಲ್ಲಿರೋ ಊರು. ಅಲ್ಲಿ ನಿಮಿಷಕ್ಕೆ 32,000 ಲೀಟರಿಗಿಂತ ಜಾಸ್ತಿ ಬಿಸಿನೀರು ತಾನಾಗೇ ಉಕ್ಕತ್ತೆ, ಪಂಪ್ ಗಿಂಪ್ ಏನೂ ಇಲ್ಲ. ನೀರು ಹೆಚ್ಚುಕಮ್ಮಿ ನಿಂಬೆ ರಸದಷ್ಟು ಆಮ್ಲ. ಟೋಕಿಯೋದ ಉಏನೋ ಸ್ಟೇಷನ್ನಿಂದ ಎರಡೂವರೆ ಗಂಟೆ ರೈಲು, ಆಮೇಲೆ ಸುಮಾರು ಅರ್ಧ ಗಂಟೆ ಬಸ್ಸು. ಬಸ್ ಇಳೀತಿದ್ದ ಹಾಗೆ ಅವ್ವ ಮೂಗು ಮುಚ್ಕೊಂಡು, "ಯಾರೋ ಕೊಳೆತ ಮೊಟ್ಟೆ ಒಡೆದವ್ರೆ ಕಣ್ ಮಗ" ಅಂದ್ಲು. ಗಂಧಕದ ವಾಸನೆ ಅದು. ಇಡೀ ಊರೇ ಹಾಗೆ.

ಊರಿನ ಮಧ್ಯದಲ್ಲಿ ಯುಬಾತಾಕೆ ಇದೆ. ಆ ಪದದ ಅರ್ಥ "ಬಿಸಿನೀರಿನ ಹೊಲ". ಬುಗ್ಗೆಯ ನೀರು ಉದ್ದುದ್ದ ಮರದ ದೋಣಿಗಳಲ್ಲಿ ಹರಿದು, ಸ್ವಲ್ಪ ತಣ್ಣಗಾಗಿ ಕೆಳಗೆ ಬೀಳತ್ತೆ. ಸುತ್ತ ಬಿಳೀ ಹಬೆ. ಹೊಲ ಅಂತ ನಾನು ಹೇಳಿದ್ದೇ ತಡ, "ಏನ್ ಬೆಳೀತಾರೆ?" ಅಂತ ಕೇಳಿದ್ಲು ಅವ್ವ. ತಮಾಷೆಗಲ್ಲ, ನಿಜವಾಗ್ಲೂ ಕೇಳಿದ್ದು. ಉತ್ತರಾನೂ ಇತ್ತು. ಆ ದೋಣಿಗಳ ತಳದಲ್ಲಿ ಗಂಧಕದ ಗಸಿ ಕೂರತ್ತೆ, ಅದನ್ನ ಕೆರೆದು ತೆಗೆದು ಒಣಗಿಸಿ "ಬಿಸಿನೀರ ಹೂವು" ಅಂತ ಮಾರ್ತಾರೆ. ಮನೇಲಿ ಸ್ನಾನದ ನೀರಿಗೆ ಹಾಕ್ಕೊಳ್ಳಕ್ಕೆ. ಅವ್ವನಿಗೆ ಲೆಕ್ಕ ಸರಿಹೋಯ್ತು. ಬೆಳೆ ಇದೆ, ಹಾಗಾದ್ರೆ ಹೊಲವೇ.

ಇಷ್ಟು ದೂರ ಎಲ್ಲಾ ಚೆನ್ನಾಗಿತ್ತು. ನನ್ನ ಭಯ ಬೇರೆ ಇತ್ತು. ಓನ್ಸೆನ್‌ನ ದೊಡ್ಡ ಕೊಳಕ್ಕೆ ಬಟ್ಟೆ ಹಾಕ್ಕೊಂಡು ಇಳಿಯೋ ಹಾಗಿಲ್ಲ. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಆದ್ರೆ ಒಳಗೆ ಯಾರ ಮೈಮೇಲೂ ಏನೂ ಇರಲ್ಲ. ಈಜುಡುಗೆಯೂ ಇಲ್ಲ. ನಮ್ಮವ್ವ ಬಚ್ಚಲಿನಲ್ಲಿ ಬಾಗಿಲು ಹಾಕ್ಕೊಂಡು ಒಬ್ಬಳೇ ಇದ್ರೂ ಲಂಗ ಎದೆಗೆ ಕಟ್ಕೊಂಡು ಸ್ನಾನ ಮಾಡೋಳು. ನನ್ನ ಮುಂದೆ ಒಂದು ದಿನ ಸೀರೆ ಬದಲಾಯಿಸಿದವಳಲ್ಲ. ಅವಳನ್ನ ಹೇಗೆ ಒಪ್ಪಿಸೋದು ಅಂತ ರೈಲಿನಲ್ಲಿ ಎರಡೂವರೆ ಗಂಟೆ ಯೋಚನೆ ಮಾಡಿದ್ದೇ ಬಂತು. ಅಸಲಿ ಸಮಸ್ಯೆ ಇನ್ನೊಂದು ಕಡೆಯಿಂದ ಬಂತು.

ರ್ಯೋಕಾನ್ ಹೆಸರು ಹೇಳಲ್ಲ, ಯಾಕೆ ಅಂತ ನಿಮಗೇ ಗೊತ್ತಾಗತ್ತೆ. ಮಧ್ಯಾಹ್ನ ಮೂರಕ್ಕೆ ಚೆಕ್-ಇನ್. ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಅವ್ವನಿಗೆ ಅದು ಬಹಳ ಹಿಡಿಸ್ತು, "ನಮ್ಮಂಗೇ ಅವ್ರೆ" ಅಂದ್ಲು. ಒಳಗೆ ಓಡಾಡಕ್ಕೆ ಒಂದು ಜೊತೆ ಚಪ್ಪಲಿ ಕೊಡ್ತಾರೆ, ರೂಮಿನ ತಾತಾಮಿ ಚಾಪೆ ಮೇಲೆ ಕಾಲಿಡೋ ಮುಂಚೆ ಅದನ್ನೂ ಬಿಡಬೇಕು. ಕಕ್ಕಸಿಗೆ ಇನ್ನೊಂದು ಜೊತೆ. ರೂಮಿನಲ್ಲಿ ಮಂಚ ಇಲ್ಲ. ಕುಳ್ಳ ಮೇಜು, ನೆಲದ ಮೇಲೆ ಕೂರೋ ದಿಂಬು. ಹಾಸಿಗೆ ಗೋಡೆಯ ಬೀರುವಿನಲ್ಲಿರತ್ತೆ, ರಾತ್ರಿ ಊಟ ಮುಗಿಸಿ ಬರೋಷ್ಟರಲ್ಲಿ ಅವರೇ ಬಂದು ಹಾಸಿ ಹೋಗಿರ್ತಾರೆ.

ಹತ್ತಿ ಬಟ್ಟೆಯ ನಿಲುವಂಗಿ ಕೊಡ್ತಾರೆ, ಯುಕಾತಾ ಅಂತ. ಅದನ್ನೇ ಹಾಕ್ಕೊಂಡು ಊಟಕ್ಕೆ, ಸ್ನಾನಕ್ಕೆ, ಬೀದಿಗೂ ಹೋಗಬಹುದು. ಒಂದೇ ಎಚ್ಚರ: ಎಡಗಡೆ ಮಡಿಕೆ ಬಲಗಡೆಯದರ ಮೇಲೆ ಬರಬೇಕು. ಉಲ್ಟಾ ಸುತ್ತೋದು ಹೆಣಕ್ಕೆ ಮಾತ್ರ. ಇದನ್ನ ಹೇಳಿದ ಮೇಲೆ ಅವ್ವ ಮೂರು ಸಲ ಬಿಚ್ಚಿ ಕಟ್ಟಿದ್ಲು, ಅದೂ ಸೀರೆ ಮೇಲೇನೇ.

ರೂಮಿಗೆ ಚಹಾ ತಂದ ಹೆಂಗಸು ನಮ್ಮ ಮುಂದೆ ಮಂಡಿಯೂರಿ ಕೂತು ಬಟ್ಟಲು ಕೊಟ್ರು. ಅವ್ವ ಎರಡೂ ಕೈ ಚಾಚಿ ಇಸ್ಕೊಂಡ್ಲು. ಸ್ವೆಟರ್ ತೋಳು ಮೇಲೆ ಸರೀತು.

ಅವ್ವನ ಬಲಗೈ ಮೇಲೆ ಹಚ್ಚೆ ಇದೆ. ಮಣಿಕಟ್ಟಿನಿಂದ ಮೊಣಕೈವರೆಗೂ. ಚುಕ್ಕಿ ರಂಗೋಲಿ, ಅದರ ಕೆಳಗೆ ಒಂದು ಚೇಳು, ಆಮೇಲೆ ತೊಟ್ಟಿಲು. ಹಸಿರು ಬಣ್ಣ ಈಗ ಮಾಸಿ ನೀಲಿ ನೀಲಿ ಆಗಿದೆ. ನಿಮ್ಮಲ್ಲಿ ಎಷ್ಟೋ ಜನರ ಅಜ್ಜಿ ಕೈಯಲ್ಲೂ ಇರತ್ತೆ.

ಆ ಹೆಂಗಸು ಏನೂ ಹೇಳಲಿಲ್ಲ. ನಗು ಹಾಗೇ ಇತ್ತು, ಕಣ್ಣು ಮಾತ್ರ ಒಂದು ಕ್ಷಣ ಆ ಕೈ ಮೇಲೆ ನಿಂತು ಹೋಯ್ತು. ಬಗ್ಗಿ ನಮಸ್ಕಾರ ಮಾಡಿ ಹೊರಗೆ ಹೋದ್ರು. ಐದು ನಿಮಿಷಕ್ಕೆ ಮ್ಯಾನೇಜರ್ ಬಂದ್ರು. ಬಾಗಿಲಲ್ಲೇ ಮಂಡಿಯೂರಿ, ತಲೆ ಚಾಪೆಗೆ ತಾಗೋ ಹಾಗೆ ಬಗ್ಗಿದ್ರು.

"ಯಾಕ್ ಮಗ ಆ ಯಪ್ಪ ಅಡ್ಡ ಬೀಳ್ತಾವ್ನೆ?" ಅಂದ್ಲು ಅವ್ವ.

ಅವರು ಹೇಳಿದ್ದಿಷ್ಟು. ತುಂಬಾ ಕ್ಷಮೆ ಇರಲಿ, ಹಚ್ಚೆ ಇರೋ ಅತಿಥಿಗಳು ದೊಡ್ಡ ಸ್ನಾನದ ಮನೆ ಬಳಸೋ ಹಾಗಿಲ್ಲ, ನಿಯಮ ಎಲ್ಲರಿಗೂ ಒಂದೇ. ಬುಕ್ ಮಾಡುವಾಗ ಫಾರ್ಮ್‌ನಲ್ಲಿ ಕೇಳಿದ್ವಿ. ಹೌದು, ಕೇಳಿದ್ರು. "ಟ್ಯಾಟೂ ಇದೆಯಾ?" ಅಂತ ಇತ್ತು. ನಾನು "ಇಲ್ಲ" ಅಂತ ಒತ್ತಿದ್ದೆ. ಸುಳ್ಳು ಹೇಳಬೇಕು ಅಂತಲ್ಲ. ಟ್ಯಾಟೂ ಅಂದಾಗ ನನ್ನ ತಲೇಲಿ ಬಂದಿದ್ದು ಕ್ರಿಕೆಟ್ ಆಟಗಾರರ ತೋಳು, ಇಂದಿರಾನಗರದ ಪಾರ್ಲರು. ಅವ್ವನ ಕೈಯಲ್ಲಿರೋದು ಹಚ್ಚೆ ಅಲ್ವಾ? ಹುಟ್ಟಿದಾಗಿಂದ ನೋಡಿರೋ ಕೈ. ಅದು ಟ್ಯಾಟೂ ಅಂತ ನನಗೆ ಹೊಳೆದೇ ಇರಲಿಲ್ಲ.

ಇಲ್ಲಿ ಸ್ವಲ್ಪ ಹಿನ್ನೆಲೆ ಹೇಳ್ಬೇಕು. ಜಪಾನಿನಲ್ಲಿ ಹಚ್ಚೆ ಅಂದ ಕೂಡಲೇ ಜನಕ್ಕೆ ನೆನಪಾಗೋದು ಯಾಕುಜಾ, ಅಲ್ಲಿನ ಭೂಗತ ಗ್ಯಾಂಗು. ಮೈತುಂಬ ಬಣ್ಣದ ಚಿತ್ರ ಬರೆಸ್ಕೊಳ್ಳೋರು. ಅವರನ್ನ ಹೊರಗಿಡಕ್ಕೆ ಅಂತ ಈ ಬೋರ್ಡು. ಅದಕ್ಕೂ ಹಿಂದೆ, ಎದೋ ಕಾಲದಲ್ಲಿ, ಕಳ್ಳತನ ಮಾಡಿದವರ ತೋಳಿಗೆ ಹಚ್ಚೆ ಹಾಕಿ ಗುರುತು ಮಾಡ್ತಿದ್ರು. ಶಿಕ್ಷೆ ಅದು. 1872ರಲ್ಲಿ ಸರ್ಕಾರ ಹಚ್ಚೆಯನ್ನೇ ನಿಷೇಧಿಸ್ತು. ಆ ನಿಷೇಧ ಹೋಗಿದ್ದು 1948ರಲ್ಲಿ, ಅಂದ್ರೆ ಓನ್ಸೆನ್ ಕಾನೂನು ಬಂದ ವರ್ಷವೇ. ಕಾನೂನು ಹೋದ್ರೂ ಜನರ ಮನಸ್ಸಿನಿಂದ ಹೋಗಲಿಲ್ಲ. 2015ರಲ್ಲಿ ಜಪಾನಿನ ಪ್ರವಾಸೋದ್ಯಮ ಇಲಾಖೆ ಒಂದು ಸಮೀಕ್ಷೆ ಮಾಡಿತ್ತು. ಉತ್ತರ ಕೊಟ್ಟ ವಸತಿಗೃಹಗಳಲ್ಲಿ ಶೇ 56ರಷ್ಟು ಹಚ್ಚೆ ಇದ್ರೆ ಸ್ನಾನಕ್ಕೆ ಬಿಡಲ್ಲ ಅಂದಿದ್ವು. ಶೇ 31ರಷ್ಟು ಬಿಡ್ತೀವಿ ಅಂದ್ವು. ಉಳಿದವುಗಳಲ್ಲಿ ಬಹುಪಾಲು, ಮುಚ್ಕೊಂಡ್ರೆ ಸರಿ ಅಂದ್ವು.

ಈ ಮುಚ್ಕೊಳ್ಳೋದು ಅಂದ್ನಲ್ಲ, ಅದಕ್ಕೆ ಚರ್ಮದ ಬಣ್ಣದ ಸ್ಟಿಕ್ಕರ್ ಸಿಗತ್ತೆ. ಮ್ಯಾನೇಜರ್ ತಂದಿದ್ದೂ ಅದನ್ನೇ. ಮೂರು ಸ್ಟಿಕ್ಕರ್, ಒಂದು ಟ್ರೇನಲ್ಲಿ. ಬೇಡ ಅಂದ್ರೆ ಒಂದು ಚಿಕ್ಕ ಖಾಸಗಿ ಸ್ನಾನದ ಕೋಣೆ ಇದೆ, ಮುಕ್ಕಾಲು ಗಂಟೆ ನಮ್ಮಿಬ್ಬರಿಗೇ, ದುಡ್ಡು ತಗೊಳ್ಳಲ್ಲ ಅಂದ್ರು.

ಈಗ ನಾನು ಮಾಡಿದ ತಪ್ಪು ಹೇಳ್ತೀನಿ. ಅವ್ವನಿಗೆ ನಿಜ ಹೇಳಲಿಲ್ಲ. "ದೊಡ್ಡ ಕೊಳದ ನೀರು ಸಿಕ್ಕಾಪಟ್ಟೆ ಬಿಸಿ ಅಂತೆ, ಬಿಪಿ ಇರೋರಿಗೆ ಬೇಡ ಅಂತಿದಾರೆ" ಅಂದೆ. ಅವಳಿಗೆ ಬೇಜಾರಾಗಬಾರದು ಅಂತ. ಅವ್ವ ಟ್ರೇ ನೋಡಿದ್ಲು, ಸ್ಟಿಕ್ಕರ್ ನೋಡಿದ್ಲು, ತನ್ನ ಕೈ ನೋಡ್ಕೊಂಡ್ಲು. ನಾಲ್ಕನೇ ಕ್ಲಾಸ್ ಓದಿರೋದು ನಮ್ಮವ್ವ. ಆದ್ರೆ ಎದುರಿಗಿರೋರ ಮುಖ ಓದಕ್ಕೆ ಶಾಲೆ ಬೇಕಿಲ್ಲ.

"ಇದುನ್ನ ಮುಚ್ಕೊಬೇಕಂತಾ? ಯಾಕೆ, ನಾನೇನ್ ಕದ್ದಿದ್ದೀನಾ?"

ಎದೋ ಕಾಲದ ವಿಷಯ ನಾನವಳಿಗೆ ಹೇಳೇ ಇರಲಿಲ್ಲ. ಅವಳ ಬಾಯಲ್ಲಿ ಆ ಮಾತೇ ಬಂತು. ನನಗೆ ಉತ್ತರ ಹೊಳೀಲಿಲ್ಲ. ಮ್ಯಾನೇಜರ್ ಇನ್ನೂ ತಲೆ ಬಗ್ಗಿಸ್ಕೊಂಡೇ ಇದ್ರು. ಅವ್ವ ಟ್ರೇಯನ್ನ ಎರಡೂ ಕೈಲಿ ಎತ್ತಿ ಮರ್ಯಾದೆಯಿಂದ ವಾಪಸ್ ಕೊಟ್ಟು, ನನ್ನ ಕಡೆ ತಿರುಗಿ ಅಂದ್ಲು: "ಕೈ ಮುಚ್ಕೊಂಡು ನಾನು ನೀರಿಗಿಳಿಯಾಕಿಲ್ಲ ಅನ್ನು. ಬೈಬ್ಯಾಡ, ಮೆಲ್ಲಗೆ ಹೇಳು."

ಸಂಜೆ ಆರಕ್ಕೆ ಊಟ. ಅವತ್ತು ಶನಿವಾರ. ನಮ್ಮ ಮನೇಲಿ ಬಾಡು ತಿಂತಾರೆ, ಶನಿವಾರ ಸೋಮವಾರ ಮಾತ್ರ ಮುಟ್ಟಲ್ಲ. ಜಪಾನಿ ಅಡುಗೆಯಲ್ಲಿ ತರಕಾರಿ ಬೇಯಿಸೋ ನೀರಿಗೂ ಒಣಮೀನಿನ ಸಾರ ಇರತ್ತೆ, ದಾಶಿ ಅಂತ. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ "ಮೀನಿನ ದಾಶಿಯೂ ಬೇಡ" ಅಂತ ಬಿಡಿಸಿ ಬರೀಬೇಕು. ಇಷ್ಟನ್ನ ಮಾತ್ರ ನಾನು ಸರಿಯಾಗಿ ಬರೆದಿದ್ದೆ. ಕಡಲ ಪಾಚಿ, ಒಣ ಅಣಬೆ ಹಾಕಿ ಬೇರೆ ಸಾರು ಮಾಡಿದ್ರು. ಒಂದೊಂದೇ ಪುಟ್ಟ ಪುಟ್ಟ ಬಟ್ಟಲು ಬರ್ತಾನೇ ಇತ್ತು. ಹನ್ನೆರಡೋ ಹದಿಮೂರೋ ಇರಬೇಕು. ಅವ್ವ ಎಲ್ಲದರಲ್ಲೂ ಒಂದೊಂದು ತುತ್ತು ತಿಂದು, ಕೊನೆಗೆ ಅನ್ನಕ್ಕೆ ಬ್ಯಾಗಿನಲ್ಲಿದ್ದ ಉಪ್ಪಿನಕಾಯಿ ಹಾಕ್ಕೊಂಡ್ಲು. ಇಬ್ಬರೂ ಹೆಚ್ಚು ಮಾತಾಡಲಿಲ್ಲ.

ಎಂಟೂಕಾಲಿಗೆ ಖಾಸಗಿ ಸ್ನಾನದ ಕೋಣೆ. ಹೋಗೋದೇ ಬೇಡ ಅಂತಾಳೆ ಅಂದ್ಕೊಂಡಿದ್ದೆ. ಆದ್ರೆ ಅವಳೇ ಎದ್ಲು. ಚಿಕ್ಕ ಕೋಣೆ. ಮರದ ತೊಟ್ಟಿ, ಒಂದು ಕಡೆ ಕಿಟಕಿ, ಹೊರಗೆ ಕತ್ತಲಲ್ಲಿ ಪೈನ್ ಮರ. ಜಪಾನಿನಲ್ಲಿ ಕೊಳ ಅಥವಾ ತೊಟ್ಟಿ ಇರೋದು ಮೈ ತೊಳಿಯಕ್ಕಲ್ಲ, ಬರೀ ನೆನೆಯಕ್ಕೆ. ಮೊದಲು ಹೊರಗೆ ಪುಟ್ಟ ಸ್ಟೂಲ್ ಮೇಲೆ ಕೂತು ಸೋಪು ಹಾಕಿ ಪೂರ್ತಿ ಸ್ನಾನ ಮುಗಿಸ್ಬೇಕು. ಆಮೇಲೆ ನೀರಿಗೆ ಇಳಿಯೋದು. ಒಂದೇ ನೀರಲ್ಲಿ ಬೇರೆಯವರೂ ಇಳೀತಾರೆ, ಅದಕ್ಕೇ ಬಟ್ಟೆಯೂ ಬೇಡ, ಕೈಲಿರೋ ಸಣ್ಣ ಟವೆಲ್ ಕೂಡ ನೀರಿಗೆ ತಾಗಬಾರದು. ಜಪಾನಿಗಳು ಅದನ್ನ ಮಡಿಚಿ ತಲೆ ಮೇಲೆ ಇಟ್ಕೊಂಡಿರ್ತಾರೆ.

"ಇಲ್ಲಿ ಯಾರೂ ನೋಡಲ್ಲ, ಲಂಗ ಕಟ್ಕೊಂಡೇ ಇಳಿ ಅವ್ವ" ಅಂದೆ.

ಅವಳು ಒಂದು ನಿಮಿಷ ಸುಮ್ನೆ ನಿಂತ್ಲು. "ನಮ್ ಹಿಂದೆ ಇನ್ಯಾರೋ ಬಂದು ಇಳಿಯೋ ನೀರು. ಕೊಳೆ ಮಾಡಬಾರ್ದು" ಅಂದ್ಲು. ಲಂಗ ಬಿಚ್ಚಿ, ಮಡಿಚಿ, ಬುಟ್ಟಿಗೆ ಹಾಕಿದ್ಲು. ನಾನು ಗೋಡೆ ಕಡೆ ತಿರುಗಿದ್ದೆ. "ಏಯ್, ಈ ಕಡೆ ತಿರುಗಿ ಬೆನ್ನುಜ್ಜು ಬಾ" ಅಂತ ಕರೆದ್ಲು.

ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವ್ವನ ಬೆನ್ನು ನೋಡಿದ್ದು ನಾನು. ಬಲ ಭುಜದ ಮೇಲೆ ಗಟ್ಟಿಯಾಗಿ ಕಪ್ಪಗಾಗಿರೋ ಜಾಗ. ಕಬ್ಬಿನ ಹೊರೆ ಹೊತ್ತಿದ್ದು. ಹೊಟ್ಟೆ ಮೇಲೆ ಆಪರೇಷನ್ ಹೊಲಿಗೆಯ ಗೆರೆ. ಅದು ನಾನು ಹುಟ್ಟಿದಾಗಿನದ್ದು ಅಂತ ಅವಳೇ ಹೇಳಿದ್ಲು, ಮೈಸೂರಿಗೆ ಎತ್ತಿನ ಗಾಡೀಲಿ ಅರ್ಧ ದಾರಿ, ಲಾರೀಲಿ ಅರ್ಧ ದಾರಿ ಹೋಗಿದ್ದಂತೆ. ಬೆನ್ನುಜ್ಜುತ್ತಾ ಕೇಳಿದೆ, ಹಚ್ಚೆ ಯಾವಾಗ ಹಾಕ್ಸಿದ್ದು ಅಂತ. ಇಷ್ಟು ವರ್ಷ ಕೇಳೇ ಇರಲಿಲ್ಲ ನೋಡಿ.

ಒಂಬತ್ತು ವರ್ಷ ಇರಬೇಕಾದ್ರೆ. ಸುಗ್ಗಿ ಮುಗಿದ ಮೇಲೆ ಹಚ್ಚೆ ಹಾಕೋ ಹೆಂಗಸರು ಊರಿಗೆ ಬರೋರು. ಒಂದು ಮೊರ ರಾಗಿ ಕೊಟ್ಟಿದ್ದು. ಅವಳ ಅವ್ವ, ಅಂದ್ರೆ ನಮ್ಮಜ್ಜಿ, ಅಲ್ಲಾಡದ ಹಾಗೆ ಕೈ ತೊಡೆ ಮೇಲೆ ಒತ್ತಿ ಹಿಡ್ಕೊಂಡಿದ್ರು. ಅವ್ವ ಅತ್ತು ಅತ್ತು ಜ್ವರ ಬಂದು ಮಲಗಿದ್ಲು. ಮರುವರ್ಷ ನಮ್ಮಜ್ಜಿ ತೀರ್ಕೊಂಡ್ರು. ಮನೇಲಿ ಅಜ್ಜಿಯ ಒಂದು ಫೋಟೋ ಕೂಡ ಇಲ್ಲ. "ಒಡವೆ ಗಿಡವೆ ಎಲ್ಲಾ ಇಲ್ಲೇ ಬಿಟ್ಟು ಹೋಯ್ತೀವಿ, ಇದೊಂದು ಜೊತೆಗೆ ಬತ್ತದೆ ಅನ್ನೋಳು ನಮ್ಮವ್ವ" ಅಂದ್ಲು. ಅಷ್ಟೇ ಹೇಳಿದ್ದು. ನಾನೂ ಮುಂದಕ್ಕೆ ಕೇಳಲಿಲ್ಲ. ಅವಳು ತೊಟ್ಟಿಗೆ ಇಳಿದ್ಲು, "ಅಯ್ಯಪ್ಪಾ" ಅಂತ ಒಂದು ಸಲ ಕೂಗಿ, ಕುತ್ತಿಗೆವರೆಗೂ ಮುಳುಗಿದ್ಲು.

ನೀರು ತುಂಬೋ ಹಬ್ಬದ ಮಾರನೇ ಬೆಳಿಗ್ಗೆ ಎಣ್ಣೆ ಹಚ್ಚಿ ಹಂಡೆ ನೀರು ಹೊಯ್ಯೋದು ನೆನಪಿದೆಯಾ ಅಂತ ಕೇಳಿದ್ಲು. ಆ ನೀರಿಗೆ ಹೊಗೆ ವಾಸನೆ, ಇದಕ್ಕೆ ಮೊಟ್ಟೆ ವಾಸನೆ, ಅಷ್ಟೇ ವ್ಯತ್ಯಾಸ ಅಂತೆ. ಹತ್ತು ನಿಮಿಷಕ್ಕೆ ಹೊರಗೆ ಬರಬೇಕು, ಹೆಚ್ಚು ಹೊತ್ತು ಇದ್ರೆ ತಲೆ ಸುತ್ತತ್ತೆ. ಸ್ವಲ್ಪ ಹೊತ್ತು ಹೊರಗೆ ಕೂತು, ನೀರು ಕುಡಿದು, ಮತ್ತೆ ಇಳಿಯೋದು. ಬಿಪಿ ಇರೋರ ವಿಷಯದಲ್ಲಿ ನಾನು ಹೇಳಿದ್ದ ಸುಳ್ಳು ಪೂರ್ತಿ ಸುಳ್ಳೇನಲ್ಲ, ನಿಜವಾಗಲೂ ಜಾಗ್ರತೆ ಬೇಕು.

ಒಂದು ವಿಷಯ ಮರೆತಿದ್ದೆ. ಗಂಧಕದ ನೀರಿಗೆ ಬೆಳ್ಳಿ ತಾಗಿದ್ರೆ ಕಪ್ಪಾಗತ್ತೆ. ಕಾಲುಂಗುರ ತೆಗಿ ಅಂದಿದ್ದೆ. ಗಂಡ ಬದುಕಿರುವಾಗ ಕಾಲುಂಗುರ ತೆಗೆಯೋ ಮಾತೇ ಇಲ್ಲ ಅಂತ ಅವಳು ಹಾಗೇ ಇಳಿದಿದ್ಲು. ಹೊರಗೆ ಬಂದು ಕಾಲು ಒರೆಸ್ಕೊಳ್ಳುವಾಗ ನೋಡಿದ್ರೆ ಬೆಳ್ಳಿ ಮಬ್ಬಾಗಿತ್ತು. ಬೆಳಿಗ್ಗೆ ಹೊತ್ತಿಗೆ ಇದ್ದಿಲಿನ ಬಣ್ಣ.

ಬೆಳಗಿನ ಜಾವ ಐದೂವರೆಗೆ ನಾನೊಬ್ಬಳೇ ದೊಡ್ಡ ಕೊಳಕ್ಕೆ ಹೋದೆ. ಹೋಗಬೇಕಾ ಬೇಡವಾ ಅಂತ ಹಾಸಿಗೆಯಲ್ಲಿ ಬಹಳ ಹೊತ್ತು ಒದ್ದಾಡಿದೆ. "ದುಡ್ಡು ಕೊಟ್ಟಿದ್ದೀಯ, ಹೋಗು" ಅಂತ ಅವ್ವ ಕತ್ತಲಲ್ಲೇ ಅಂದ್ಲು, ನಿದ್ದೆ ಅವಳಿಗೂ ಬಂದಿರಲಿಲ್ಲ. ಆಕಾಶದ ಕೆಳಗೆ, ಕಲ್ಲಿನ ನಡುವೆ ಹಬೆಯಾಡೋ ನೀರು. ಮೂರು ಜನ ವಯಸ್ಸಾದ ಹೆಂಗಸರು ಕಣ್ಣು ಮುಚ್ಕೊಂಡು ಕೂತಿದ್ರು. ಯಾರೂ ಯಾರನ್ನೂ ನೋಡಲ್ಲ ಅಲ್ಲಿ. ಎಲ್ಲರ ಮೈಯೂ ಹೊಲಿಗೆ, ಸುಕ್ಕು, ಕಲೆ ಇರೋ ಮೈಯೇ. ಚೆನ್ನಾಗಿತ್ತು, ಬಹಳ ಚೆನ್ನಾಗಿತ್ತು. ಅವ್ವ ಇಲ್ಲಿ ಇರಬೇಕಿತ್ತು ಅಂತ ಅನ್ನಿಸ್ತಾನೇ ಇತ್ತು.

ಹಾಗಾದ್ರೆ ಆ ರ್ಯೋಕಾನಿನವರು ಕೆಟ್ಟವರಾ? ಅಲ್ಲ. ನಮ್ಮನ್ನ ಅವಮಾನ ಮಾಡಬೇಕು ಅಂತ ಅವರಿಗೆ ಎಳ್ಳಷ್ಟೂ ಇರಲಿಲ್ಲ. ಫಾರ್ಮ್ ತಪ್ಪು ತುಂಬಿದ್ದು ನಾನು. ಆದ್ರೆ "ಎಲ್ಲರಿಗೂ ಒಂದೇ ನಿಯಮ" ಅನ್ನೋದನ್ನ ನಾನು ಒಪ್ಪಲ್ಲ. ಗ್ಯಾಂಗಿನವರನ್ನ ತಡೆಯಕ್ಕೆ ಮಾಡಿದ ನಿಯಮ ಒಂಬತ್ತು ವರ್ಷದ ಹುಡುಗಿಯ ಕೈಮೇಲಿನ ತೊಟ್ಟಿಲನ್ನ ತಡೀತಿದೆ ಅಂದ್ರೆ ಅಲ್ಲಿ ಯಾರೋ ಯೋಚನೆ ಮಾಡೋದು ನಿಲ್ಲಿಸಿದಾರೆ. 2013ರಲ್ಲಿ ಹೊಕ್ಕೈದೋದ ಒಂದು ಸ್ನಾನದ ಮನೆ ನ್ಯೂಜಿಲೆಂಡಿನ ಮಾವೋರಿ ಹೆಂಗಸೊಬ್ಬರನ್ನ ಮುಖದ ಮೇಲಿನ ಸಾಂಪ್ರದಾಯಿಕ ಹಚ್ಚೆಯ ಕಾರಣಕ್ಕೆ ಹೊರಗೆ ಕಳಿಸಿತ್ತು, ದೊಡ್ಡ ಸುದ್ದಿ ಆಗಿತ್ತು. ಅಷ್ಟು ದೂರ ಯಾಕೆ, ಜಪಾನಿನೊಳಗೇ ಇದೆ. ಓಕಿನಾವಾ ದ್ವೀಪದ ಹೆಂಗಸರು ಕೈಗೆ ಹಚ್ಚೆ ಹಾಕಿಸ್ಕೊಳ್ತಿದ್ರು, ಹಾಜಿಚಿ ಅಂತ. ಬೆರಳು, ಮುಂಗೈ ಮೇಲೆಲ್ಲ ಕಡುನೀಲಿ ಗುರುತು. ಹೆಣ್ಣಿಗೆ ಅದು ಹೆಮ್ಮೆ. 1899ರಲ್ಲಿ ಸರ್ಕಾರ ಅದನ್ನ ನಿಷೇಧ ಮಾಡ್ತು. ಉತ್ತರದ ಐನು ಹೆಂಗಸರ ಹಚ್ಚೆಗೂ ಇದೇ ಗತಿ ಆಯ್ತು. ಹಾಜಿಚಿಯ ಹಳೇ ಫೋಟೋಗಳನ್ನ ಆಮೇಲೆ ಅವ್ವನಿಗೆ ಫೋನಲ್ಲಿ ತೋರಿಸಿದೆ. ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದ್ಲು. "ನಮ್ಗಿಂತ ಚೆಂದಾಗಿ ಹಾಕ್ಸವ್ರೆ" ಅಂದ್ಲು.

ನೀವು ಹೋಗೋದಾದ್ರೆ, ಫಾರ್ಮ್‌ನಲ್ಲಿ ನಿಜ ಬರೀರಿ. ಅಮ್ಮ, ಅಜ್ಜಿಯನ್ನ ಕರ್ಕೊಂಡು ಹೋಗ್ತಿದ್ರೆ ಮೊದಲು ಅವರ ಕೈ ನೋಡಿ. ಹಚ್ಚೆ ಇದ್ರೂ ಬಿಡೋ ರ್ಯೋಕಾನ್ ಸಿಗತ್ತೆ, ಹುಡುಕಬೇಕು. ಇಲ್ಲಾಂದ್ರೆ ರೂಮಿಗೇ ಬುಗ್ಗೆ ನೀರಿನ ತೊಟ್ಟಿ ಇರೋದನ್ನ ತಗೊಳ್ಳಿ, ದುಬಾರಿ. ದರ ಸಾಮಾನ್ಯವಾಗಿ ರೂಮಿಗಲ್ಲ, ತಲೆಗೆ ಇಷ್ಟು ಅಂತ ಇರತ್ತೆ, ರಾತ್ರಿ ಊಟ ಬೆಳಗಿನ ತಿಂಡಿ ಸೇರಿ. ಇದರ ಮೇಲೆ ಸ್ನಾನದ ತೆರಿಗೆ ಅಂತ ಬಹಳ ಕಡೆ ತಲೆಗೆ 150 ಯೆನ್. ಸ್ನಾನಕ್ಕೂ ತೆರಿಗೆನಾ ಅಂತ ಅವ್ವ ಊರಿಗೆ ಹೋಗಿ ಎಲ್ಲರ ಹತ್ರ ಹೇಳ್ಕೊಂಡು ನಕ್ಕಿದಾಳೆ.

ಹತ್ತಕ್ಕೆ ರೂಮ್ ಖಾಲಿ ಮಾಡಿ ಯುಬಾತಾಕೆ ಹತ್ರ ಬಂದ್ವಿ. ಅಲ್ಲಿ ಕಾಲು ಇಳಿಬಿಟ್ಟು ಕೂರೋ ತೊಟ್ಟಿ ಇದೆ, ಪುಕ್ಕಟೆ, ಯಾರು ಬೇಕಾದ್ರೂ ಕೂರಬಹುದು. ಅವ್ವ ಸೀರೆ ಮಂಡಿವರೆಗೆ ಎತ್ತಿ ಕೂತ್ಲು. ಆಮೇಲೆ ಚಳಿಯಲ್ಲೂ ಸ್ವೆಟರ್ ತೋಳು ಎರಡೂ ಮೇಲಕ್ಕೆ ಮಡಿಚ್ಕೊಂಡ್ಲು. ಬೇಕಂತಲೇ. ನಾನು ನೋಡಿಯೂ ನೋಡದ ಹಾಗೆ ಇದ್ದೆ.

ಪಕ್ಕದಲ್ಲಿದ್ದ ಜಪಾನಿ ಅಜ್ಜಿ ಬಗ್ಗಿ ಆ ಕೈ ನೋಡಿ ನನ್ನ ಕೇಳಿದ್ರು, ನೋವಾಗಿತ್ತಾ ಅಂತ. ಅವ್ವನಿಗೆ ಹೇಳಿದೆ.

"ಸೂಜೀಲಿ ಚುಚ್ಚುದ್ರೆ ನೋಯ್ದೆ ಇರ್ತದಾ? ಮೂರ್ ದಿನ ಜ್ವರ ಬಂದಿತ್ತು ಅನ್ನು."

ಹೇಳಿದೆ. ಆ ಅಜ್ಜಿ ತನ್ನ ಕೈ ಮೇಲೇ ಸೂಜಿ ಚುಚ್ಚಿದ ಹಾಗೆ ಮುಖ ಕಿವುಚಿದ್ರು. ಇಬ್ಬರೂ ನಕ್ಕರು. ಕಾಲು ಗಂಟೆ ಹಾಗೇ ಕೂತಿದ್ವಿ.

ಅವ್ವ ಊರಿಗೆ ಹೋಗಿ ಐದು ತಿಂಗಳಾಯ್ತು. ಮಂಡಿ ನೋವು ವಾಸಿ ಆಗಿಲ್ಲ, ಒಂದು ರಾತ್ರಿಗೆ ಆಗೋದೂ ಇಲ್ಲ. ಮೊನ್ನೆ ಫೋನಿನಲ್ಲಿ ಕಾಲುಂಗುರ ಏನಾಯ್ತು ಅಂತ ಕೇಳಿದೆ. ಹುಣಸೆಹಣ್ಣು ಹಾಕಿ ಉಜ್ಜಿ ಬಲಗಾಲಿಂದು ಬೆಳ್ಳಗೆ ಮಾಡಿದಾಳಂತೆ. ಎಡಗಾಲಿಂದು ಹಾಗೇ ಇದೆ. "ಯಾರಾದ್ರೂ ಕೇಳುದ್ರೆ ಜಪಾನಿಗೆ ಹೋಗಿದ್ದೆ ಅಂತ ಹೇಳಕ್ಕೆ ಒಂದು ಗುರುತು ಬ್ಯಾಡ್ವಾ" ಅಂದ್ಲು.

ನಿಮ್ಮ ಅಜ್ಜಿ ಕೈಮೇಲೆ ಏನಿದೆ ಅಂತ ಕೇಳಿ, ನಮಗೂ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ವಾರ ಸಿಗೋಣ.